ಪಾಪ ಅಂತ ಹಾಕುವ ಅಂಕ

ನಮಸ್ಕಾರ. ಇವತ್ತು ಹೈಸ್ಕೂಲಿನಲ್ಲಿ ಓದುವ ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ, ಅವರಿಗೆ ನಾವು ಕೊಡುವ ಅಂಕದ ಬಗ್ಗೆ ಮಾತಾಡಬೇಕು.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಬೌದ್ಧಿಕ ಅಸಮರ್ಥತೆ ಇದೆ. ಎಫ್‌ಎ ಒಂದರಲ್ಲಿ, ಅಂದರೆ ವರ್ಷದ ನಡುವೆ ನಡೆಯುವ ಮೊದಲ ಕಿರುಪರೀಕ್ಷೆಯಲ್ಲಿ, ಅವನಿಗೆ ಬಿ. ಎಫ್‌ಎ ಎರಡರಲ್ಲಿ ಬಿ. ಎಸ್‌ಎಯಲ್ಲೂ, ಅಂದರೆ ಅವಧಿಯ ಕೊನೆಯ ದೊಡ್ಡ ಪರೀಕ್ಷೆಯಲ್ಲೂ, ಬಿ. ಗಣಿತಕ್ಕೂ ಅದೇ, ವಿಜ್ಞಾನಕ್ಕೂ ಅದೇ, ಇಂಗ್ಲಿಷಿಗೂ ಅದೇ. ಆನ್‌ಲೈನ್ ಎಂಟ್ರಿ ಆಗಿದೆ, ಯಾವ ಖಾನೆಯೂ ಖಾಲಿ ಇಲ್ಲ. ಆದರೆ ಆ ಬಿ ನೋಡಿ ಏನು ತಿಳಿಯುತ್ತದೆ? ಹುಡುಗನಿಗೆ ಎರಡಂಕಿ ಕೂಡುವುದು ಬರುತ್ತದಾ? ತನ್ನ ಊರಿನ ಬಸ್ಸಿನ ಬೋರ್ಡು ಓದುತ್ತಾನಾ? ಜೂನ್‌ನಲ್ಲಿ ಬರದೇ ಇದ್ದದ್ದು ನವೆಂಬರ್‌ನಲ್ಲಿ ಯಾವುದು ಬಂತು? ಒಂದಕ್ಕೂ ಉತ್ತರ ಇಲ್ಲ. "ಪಾಪ, ಇವನಿಗೆ ಯಾಕೆ ಕಡಿಮೆ ಹಾಕೋದು" ಅಂತ ಯಾರೋ ಒಳ್ಳೇ ಮನಸ್ಸಿನಿಂದಲೇ ಹಾಕಿದ ಅಕ್ಷರ ಅದು.

ಆ ಒಳ್ಳೇ ಮನಸ್ಸಿನ ಬಗ್ಗೆ ನನಗೆ ಅನುಮಾನ ಇಲ್ಲ. ಆದರೂ ಹೇಳುತ್ತೇನೆ, ಪಾಪ ಅಂತ ಹಾಕುವ ಅಂಕದಿಂದ ಮಗುವಿಗೆ ನಷ್ಟವೇ ಜಾಸ್ತಿ. ಬಿ ಬಿದ್ದ ಮೇಲೆ "ಇವನಿಗೆ ಏನು ಕಲಿಸಬೇಕಿತ್ತು, ಎಷ್ಟು ಕಲಿಸಿದೆವು" ಅಂತ ಯಾರೂ ಕೇಳುವುದಿಲ್ಲ. ಶಾಲೆಯೂ ಕೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ. ಹತ್ತನೇ ಕ್ಲಾಸು ಬರುವ ತನಕ ಎಲ್ಲ ಸರಿ ಇದೆ ಅನ್ನಿಸುತ್ತಿರುತ್ತದೆ. ಆಮೇಲೆ ಒಂದು ದಿನ ಅಪ್ಪ ಅಮ್ಮನನ್ನು ಕರೆಸಿ, "ನಿಮ್ಮ ಹುಡುಗನಿಗೆ ಬೋರ್ಡ್ ಪರೀಕ್ಷೆ ಆಗಲ್ಲ, ನಮ್ಮ ರಿಸಲ್ಟ್ ಕೆಡುತ್ತೆ, ಬೇರೆ ಏನಾದ್ರೂ ನೋಡಿಕೊಳ್ಳಿ" ಅನ್ನುತ್ತಾರೆ. ಎರಡು ವರ್ಷ ಬಿ ಕೊಟ್ಟವರೇ ಹೀಗೆ ಹೇಳಿದರೆ ಆ ತಾಯಿಗೆ ಹೇಗಾಗಬೇಕು?

ಹಾಗಾದರೆ ಅಂಕ ಹೇಗೆ ಕೊಡಬೇಕು? ಇದಕ್ಕೆ ದಾರಿ ನಮ್ಮ ಬೋರ್ಡಿನ ಪ್ರಶ್ನೆಪತ್ರಿಕೆಯಲ್ಲೇ ಇದೆ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಬರುತ್ತದೆ, ನೋಡಿದ್ದೀರಿ. ಅದರ ಕೆಳಗೆ ಅಂಧ ಅಭ್ಯರ್ಥಿಗಳಿಗೆ ಮಾತ್ರ ಅಂತ ಬದಲಿ ಪ್ರಶ್ನೆ ಇರುತ್ತದೆ. ಕಣ್ಣು ಕಾಣದ ಹುಡುಗಿಗೆ ನಕ್ಷೆ ಬರೆಯಲು ಆಗುವುದಿಲ್ಲ ಅಂತ ಬೋರ್ಡು ಆ ಅಂಕಗಳನ್ನು ಸುಮ್ನೆ ಅವಳ ಕೈಗೆ ಕೊಡುವುದಿಲ್ಲ. ಕೇಳುವ ವಿಧಾನ ಬದಲಾಯಿಸಿ, ಉತ್ತರ ನಿರೀಕ್ಷಿಸುತ್ತದೆ. ಅವಳು ಓದಬೇಕು, ಗೊತ್ತಿರಬೇಕು, ಬರೆಸಬೇಕು. ನನಗೆ ಇದು ತುಂಬಾ ಗೌರವದ ನಡೆ ಅನ್ನಿಸುತ್ತದೆ. ನಮ್ಮ ಎಫ್‌ಎ ಪರೀಕ್ಷೆಗಳಲ್ಲಿ, ಕ್ಲಾಸ್ ಟೆಸ್ಟ್‌ಗಳಲ್ಲಿ ಇಂಥ ಬದಲಿ ಪ್ರಶ್ನೆ ತಯಾರು ಮಾಡುವವರು ಎಷ್ಟು ಜನ?

ಕಿವಿ ಕೇಳಿಸದ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಭಾರತೀಯ ಸಂಕೇತ ಭಾಷೆಗೆ ಅದರದ್ದೇ ವ್ಯಾಕರಣ ಇದೆ. ಆ ಭಾಷೆಯಲ್ಲಿ ಬೆಳೆದ ಹುಡುಗಿಗೆ ನಮ್ಮ ವಿಭಕ್ತಿ ಪ್ರತ್ಯಯಗಳು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ವಿಜ್ಞಾನದ ಪೇಪರಿನಲ್ಲಿ ಅವಳು "ಎಲೆ ಬಿಸಿಲು ನೀರು ಗಾಳಿ ತಗೊಂಡು ಆಹಾರ ಮಾಡು" ಅಂತ ಬರೆದಿದ್ದಾಳೆ ಅನ್ನಿ. ಕೆಂಪು ಇಂಕು ಇಳಿದು, ನಾಲ್ಕು ಅಂಕದ ಪ್ರಶ್ನೆಗೆ ಒಂದು ಬೀಳುತ್ತದೆ. ಯಾಕೆ? ದ್ಯುತಿಸಂಶ್ಲೇಷಣೆ ಅವಳಿಗೆ ಅರ್ಥವಾಗಿದೆ ಅಲ್ವಾ? ಕನ್ನಡ ಪೇಪರಿನಲ್ಲಿ ವಾಕ್ಯ ನೋಡಿ, ಅಲ್ಲಿ ಅದೇ ಪಾಠ. ವಿಜ್ಞಾನದ ಪೇಪರಿನಲ್ಲಿ ವಿಜ್ಞಾನ ನೋಡಿ. ಡಿಸ್ಲೆಕ್ಸಿಯಾ ಇರುವ ಹುಡುಗನಿಗೂ ಇದೇ ಮಾತು. ಬಾಯಲ್ಲಿ ಕೇಳಿದರೆ ಪಟಪಟ ಹೇಳುತ್ತಾನೆ, ಬರೆಯಲು ಕೂತರೆ ಒತ್ತಕ್ಷರವೆಲ್ಲ ಕಲಸಿಹೋಗುತ್ತದೆ. ಅವನನ್ನು ಹತ್ತು ನಿಮಿಷ ಪಕ್ಕಕ್ಕೆ ಕೂರಿಸಿಕೊಂಡು ಬಾಯಲ್ಲಿ ಕೇಳಿ ಅಂಕ ಹಾಕಿದರೆ ಅದು ರಿಯಾಯಿತಿ ಆಗುವುದಿಲ್ಲ. ಅವನಿಗೆ ಎಷ್ಟು ಗೊತ್ತೋ ಅಷ್ಟನ್ನು ಸರಿಯಾಗಿ ಅಳೆದ ಹಾಗೆ.

"ಬೇರೆ ಮಕ್ಕಳಿಗೆ ಅನ್ಯಾಯ ಅಲ್ವಾ" ಅಂತ ಪೋಷಕರು ಕೇಳುತ್ತಾರೆ. ಅಲ್ಲ, ಇದು ಕಾನೂನೇ ಕೊಟ್ಟ ಹಕ್ಕು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಹೆಚ್ಚುವರಿ ಸಮಯ, ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆದುಕೊಡುವವರು), ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲವನ್ನೂ ಅದರ 17ನೇ ಸೆಕ್ಷನ್ ಹೆಸರು ಹಿಡಿದು ಹೇಳುತ್ತದೆ. ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡಬೇಕು ಅನ್ನುತ್ತದೆ ಕೇಂದ್ರ ಸರ್ಕಾರದ ಮಾರ್ಗಸೂಚಿ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಪ್ರಶ್ನೆಯನ್ನು ಇನ್ನೊಬ್ಬರ ಬಾಯಿಂದ ಕೇಳಿ, ಮನಸ್ಸಿನಲ್ಲೇ ಉತ್ತರ ಜೋಡಿಸಿ, ಸಾಲು ಸಾಲಾಗಿ ಬರೆಸಲು ಅಷ್ಟು ಹೊತ್ತು ಬೇಕೇ ಬೇಕು.

ಆದರೆ ಸ್ಕ್ರೈಬ್ ವಿಷಯದಲ್ಲಿ ನನಗೆ ಒಂದು ದೊಡ್ಡ ಸಂಕಟ ಇದೆ. ಎಷ್ಟೋ ಕಡೆ ಸ್ಕ್ರೈಬ್ ಅಂದರೆ ಪರೀಕ್ಷೆ ದಾಟಿಸುವವರು ಅಂತಲೇ ಅರ್ಥವಾಗಿದೆ. ಮಗು ಸುಮ್ನೆ ಕೂತಿರುತ್ತದೆ, ಪಕ್ಕದಲ್ಲಿರುವವರು ತಮಗೆ ಗೊತ್ತಿದ್ದದ್ದು ಬರೆಯುತ್ತಾರೆ, ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಆ ಅಂಕ ಯಾರದ್ದು? ನಾಳೆ ಪಿಯುಸಿಗೆ ಹೋಗಿ ಒದ್ದಾಡುವುದು ಆ ಮಗುವೇ. ನಿಜ ಹೇಳಬೇಕಂದರೆ ಬರೆಸುವುದೂ ಒಂದು ವಿದ್ಯೆ. ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಸಾಲು, ಸಮೀಕರಣವನ್ನು ಬಾಯಲ್ಲಿ ಹೇಗೆ ಹೇಳಬೇಕು, ಬರೆದದ್ದನ್ನು ಮತ್ತೆ ಓದಿಸಿ ತಪ್ಪು ತಿದ್ದಿಸುವುದು ಹೇಗೆ, ಇದೆಲ್ಲ ಎಂಟನೇ ಕ್ಲಾಸಿನಿಂದಲೇ ರೂಢಿಯಾಗಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಮೊದಲ ಸಲ ಸ್ಕ್ರೈಬ್ ಮುಖ ನೋಡಿದರೆ ಬುದ್ಧಿವಂತ ಹುಡುಗಿಯೂ ತಡವರಿಸುತ್ತಾಳೆ.

ಭಾಷೆಯ ವಿನಾಯಿತಿಗೂ ಇನ್ನೊಂದು ಮುಖ ಇದೆ. ವಿನಾಯಿತಿ ಬೇಕಾದವರಿಗೆ ಅದು ಹಕ್ಕು, ತಗೊಳ್ಳಲಿ. ಆದರೆ ಹಿಂದಿ ಪೀರಿಯಡ್ ನಡೆಯುವಾಗ ಆ ಮಗು ಏನು ಮಾಡುತ್ತಿರುತ್ತದೆ ಅಂತ ಹೋಗಿ ನೋಡಿ. ಹೆಚ್ಚಿನ ಕಡೆ ಸುಮ್ನೆ ಕೂತಿರುತ್ತದೆ. ವಾರಕ್ಕೆ ಅಷ್ಟೊಂದು ಪೀರಿಯಡ್ ಸಿಕ್ಕಿದೆ, ಓದು ಗಟ್ಟಿ ಮಾಡಲು ಅದಕ್ಕಿಂತ ಒಳ್ಳೇ ಸಮಯ ಎಲ್ಲಿದೆ?

ಈಗ ಮೊದಲು ಹೇಳಿದ ಹುಡುಗನಿಗೆ ಬರೋಣ. ಅವನಿಗೆ ಬೀಜಗಣಿತ ಸದ್ಯಕ್ಕೆ ಆಗಲಿಕ್ಕಿಲ್ಲ. ಅಂಥ ಮಕ್ಕಳಿಗಾಗಿಯೇ ಐಇಪಿ, ಅಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಶಿಕ್ಷಣ ಯೋಜನೆ. ಅದರಲ್ಲಿ "ಗಣಿತದಲ್ಲಿ ಸುಧಾರಣೆ" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. "ನೂರು ರೂಪಾಯಿ ಕೊಟ್ಟು 64 ರೂಪಾಯಿಯ ಸಾಮಾನು ತಗೊಂಡರೆ ಎಷ್ಟು ಚಿಲ್ಲರೆ ಬರಬೇಕು ಅಂತ ಯಾರ ಸಹಾಯವೂ ಇಲ್ಲದೆ, ಐದು ಸಲಕ್ಕೆ ನಾಲ್ಕು ಸಲ ಸರಿ ಹೇಳುತ್ತಾನೆ." ಇದು ಗುರಿ. ಇದನ್ನು ಅಳೆಯಬಹುದು. ಜುಲೈನಲ್ಲಿ ಕೈ ಹಿಡಿದು ನೋಟು ಎಣಿಸಿದ, ಸೆಪ್ಟೆಂಬರ್‌ನಲ್ಲಿ ಬರೀ ಬಾಯಿಮಾತಿನ ಸೂಚನೆ ಸಾಕಾಯಿತು, ಡಿಸೆಂಬರ್‌ನಲ್ಲಿ ಒಬ್ಬನೇ ಮಾಡಿದ. ಇದಕ್ಕೆ ಎ ಕೊಡಿ, ಧೈರ್ಯವಾಗಿ ಕೊಡಿ. ಪಕ್ಕದಲ್ಲಿ "ಐಇಪಿ ಗುರಿಯ ಮೇಲೆ" ಅಂತ ಬರೆಯಿರಿ. ಆ ಎ ನಿಜವಾದದ್ದು, ಅವನು ದುಡಿದು ತಗೊಂಡದ್ದು.

ಅಮೆರಿಕದಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೊಲೊರಾಡೊದ ಒಬ್ಬ ಆಟಿಸಂ ಇರುವ ಹುಡುಗ. ಅವನ ಐಇಪಿಯಲ್ಲಿ ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ ಗುರಿಗಳು. ತಂದೆ ತಾಯಿ ಒಪ್ಪಲಿಲ್ಲ. 2017ರಲ್ಲಿ ಅಲ್ಲಿನ ಕೋರ್ಟು ಒಮ್ಮತದಿಂದ ತೀರ್ಪು ಕೊಟ್ಟಿತು. ಏನೋ ಅಲ್ಪಸ್ವಲ್ಪ ಪ್ರಗತಿ ಆದರೆ ಸಾಕು ಅನ್ನುವ ಹಾಗಿಲ್ಲ, ಆ ಮಗುವಿನ ಸ್ಥಿತಿಗೆ ತಕ್ಕಷ್ಟು ಎತ್ತರದ ಗುರಿ ಇರಲೇಬೇಕು ಅಂದಿತು. ನಮ್ಮ 2016ರ ಕಾಯ್ದೆಯ 16ನೇ ಸೆಕ್ಷನ್ ಕೂಡ ಪ್ರತಿ ವಿಕಲಚೇತನ ವಿದ್ಯಾರ್ಥಿಯ ಕಲಿಕೆಯ ಮಟ್ಟವನ್ನು ಗಮನಿಸುತ್ತಿರಬೇಕು ಅನ್ನುತ್ತದೆ. ಹೋದ ವರ್ಷದ ಐಇಪಿಗೆ ತಾರೀಖು ಬದಲಾಯಿಸಿ ಸಹಿ ಹಾಕಿದರೆ ಅದು ಗಮನಿಸಿದ್ದು ಆಗುತ್ತದಾ?

ಕಡಿಮೆ ನಿರೀಕ್ಷೆಯ ಪೆಟ್ಟು ಜೋರಾಗಿ ಬೀಳುವುದು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ. ಮೆದುಳಿಗೆ ಕೈಕಾಲು, ಸ್ನಾಯುಗಳ ಮೇಲೆ ಹಿಡಿತ ಸಿಗದ ಸ್ಥಿತಿ ಅದು. ಎಷ್ಟೋ ಮಕ್ಕಳಿಗೆ ಮಾತು ಸ್ಪಷ್ಟ ಇರುವುದಿಲ್ಲ, ಕೈ ನಿಧಾನ. ತಲೆ ಚುರುಕಾಗಿದ್ದರೂ ಎಷ್ಟೋ ಮಂದಿ ಅದನ್ನು ಗಮನಿಸುವುದೇ ಇಲ್ಲ. ಕ್ಲಾಸೆಲ್ಲ ಪೈಥಾಗೊರಸ್ ಪ್ರಮೇಯ ಮಾಡುತ್ತಿರುವಾಗ ಆ ಹುಡುಗಿಗೆ ಬಣ್ಣ ತುಂಬಲು ಚಿತ್ರ ಕೊಟ್ಟಿರುತ್ತಾರೆ. ಹದಿನಾಲ್ಕು ವರ್ಷದ ಹುಡುಗಿಗೆ! ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ಪೋಷಕರಿಗೆ ಒಂದು ಮಾತು. ಬೋರ್ಡ್ ಪರೀಕ್ಷೆಯೋ, ಎನ್‌ಐಒಎಸ್ಸೋ (ಕೇಂದ್ರದ ಮುಕ್ತ ಶಾಲಾ ಸಂಸ್ಥೆ) ಅನ್ನುವುದನ್ನು ಎಂಟನೇ ಕ್ಲಾಸಿನಲ್ಲೇ ಕೂತು ಯೋಚಿಸಿ. ಎನ್‌ಐಒಎಸ್‌ನಲ್ಲಿ ಐದು ವಿಷಯ ಪಾಸಾದರೆ ಸರ್ಟಿಫಿಕೇಟ್, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಆದರೆ ಅದು ಶಾಲೆ ನಿಮ್ಮ ಮಗುವನ್ನು ಹೊರಗೆ ಹಾಕಲು ತೋರಿಸುವ ಬಾಗಿಲಾಗಬಾರದು. ನಿಮಗೆ ಸರಿ ಅನ್ನಿಸಿದರೆ ಮಾತ್ರ ಆರಿಸಿಕೊಳ್ಳಿ.

ಮೇಷ್ಟ್ರುಗಳ ಕಷ್ಟವೂ ನನಗೆ ಗೊತ್ತು. ಕ್ಲಾಸಿನ ತುಂಬಾ ಮಕ್ಕಳು, ಪೋರ್ಷನ್ ಮುಗಿಸುವ ಅವಸರ, ವಿಶೇಷ ಶಿಕ್ಷಣದ ತರಬೇತಿ ಇಲ್ಲ. ಆರರಿಂದ ಎಂಟನೇ ತರಗತಿಗೆ 15 ವಿಕಲಚೇತನ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ 2022ರಲ್ಲಿ ನಿಯಮ ಬಂದಿದೆ. ನಮ್ಮಲ್ಲಿ ಬಿಐಇಆರ್‌ಟಿ ಮೇಡಂ, ಅಂದರೆ ಬ್ಲಾಕಿಗೆ ನೇಮಿಸಿದ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕಿ, ತಾಲ್ಲೂಕಿನ ಒಂದು ಶಾಲೆಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತಾರೆ. ಅವರೊಬ್ಬರೇ ಎಷ್ಟು ಮಾಡುತ್ತಾರೆ? ನೇಮಕಾತಿಗೆ ನಾವೆಲ್ಲ ಒತ್ತಾಯಿಸಬೇಕು. ಅಲ್ಲಿಯವರೆಗೆ ವಿಷಯ ಶಿಕ್ಷಕರಲ್ಲಿ ನನ್ನ ಕೋರಿಕೆ ಚಿಕ್ಕದು. ಗ್ರೇಡಿನ ಪಕ್ಕದಲ್ಲಿ ಎರಡು ಸಾಲು ಬರೆಯಿರಿ. ಈ ಅವಧಿಯಲ್ಲಿ ಈ ಮಗು ಏನು ಕಲಿಯಿತು, ಮುಂದೆ ಏನು ಕಲಿಯಬೇಕು. ಪೋಷಕರೇ, ಮುಂದಿನ ಸಭೆಗೆ ಹೋದಾಗ ಆ ಎರಡು ಸಾಲನ್ನು ಕೇಳಿ ತಗೊಳ್ಳಿ.