ಕೊನೆಯ ಚೆಂಡು ವಾಲ್ಟರ್ಸ್ ಕೈಯಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಬ್ಯಾಸ್ಕೆಟ್‌ಬಾಲ್ ಎಂದೊಡನೆ ನಮ್ಮಲ್ಲಿ ಎಲ್ಲರೂ ಕೇಳುವುದು ಆಟಗಾರ ಎಷ್ಟು ಎತ್ತರ ಎಂಬ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇವತ್ತೊಂದು ದಿನ ದಯವಿಟ್ಟು ಅದನ್ನು ಬದಿಗಿಡೋಣ. ಲಾಟ್ವಿಯಾದ ವಾಲ್ಡಿಸ್ ವಾಲ್ಟರ್ಸ್ ಜನಪ್ರಿಯರಾದದ್ದು ಎತ್ತರದಿಂದಲ್ಲ. ಆಟ ಮುಗಿಯುವ ಗಳಿಗೆಯಲ್ಲಿ, ಉಳಿದವರ ಕೈ ನಡುಗುವ ಹೊತ್ತಿನಲ್ಲಿ, ಚೆಂಡು ಬಂದರೆ ಅವರು ಹಿಂಜರಿಯುತ್ತಿರಲಿಲ್ಲ.

1957ರಲ್ಲಿ ರೀಗಾ ನಗರದಲ್ಲಿ ಹುಟ್ಟಿದ ವಾಲ್ಟರ್ಸ್ ಅಲ್ಲಿನ ವೆಫ್ ತಂಡಕ್ಕೆ ಆಡಿದರು. ವೆಫ್ ಎಂಬುದು ಒಂದು ವಿದ್ಯುತ್ ಉಪಕರಣಗಳ ಕಾರ್ಖಾನೆಯಾಗಿತ್ತು. ಅದು ರೇಡಿಯೋಗಳನ್ನೂ ತಯಾರಿಸುತ್ತಿತ್ತು ಎಂಬುದನ್ನು ಬಾನುಲಿಯಲ್ಲಿ ಹೇಳದೆ ಬಿಡಲಾರೆ. 1935ರಲ್ಲಿ ಮೊತ್ತಮೊದಲ ಯುರೋಪ್ ಚಾಂಪಿಯನ್ ಆಗಿದ್ದ ಲಾಟ್ವಿಯಾಕ್ಕೆ ಸೋವಿಯತ್ ಆಳ್ವಿಕೆಯಲ್ಲಿ ಸ್ವಂತ ರಾಷ್ಟ್ರೀಯ ತಂಡವೇ ಇರಲಿಲ್ಲ. ಹಾಗಾಗಿ ಸೋವಿಯತ್ ಅಂಗಿ ತೊಟ್ಟು ಆಡುತ್ತಿದ್ದರೂ ವಾಲ್ಟರ್ಸ್ ಲಾಟ್ವಿಯನ್ನರ ಪಾಲಿಗೆ ಮನೆಯ ಹುಡುಗನೇ. 1981ರ ಯುರೋಪ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಅತ್ಯುತ್ತಮ ಆಟಗಾರರೆನಿಸಿದರು. ಮರುವರ್ಷ ವಿಶ್ವ ಚಾಂಪಿಯನ್ ತಂಡದಲ್ಲಿದ್ದರು.

ಆದರೆ ನಾನು ಹೇಳಬೇಕೆಂದು ಬಂದಿರುವುದು 1986ರ ಮ್ಯಾಡ್ರಿಡ್ ಕಥೆ. ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್, ಎದುರಾಳಿ ಯುಗೊಸ್ಲಾವಿಯ. ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ, ಸೋವಿಯತ್ ತಂಡ ಒಂಬತ್ತು ಅಂಕ ಹಿಂದಿತ್ತು. ದೂರದ ಗೆರೆಯಾಚೆಯಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದರೆ ಮೂರು ಅಂಕ ಎಂಬ ನಿಯಮ ಅಂತರರಾಷ್ಟ್ರೀಯ ಆಟಕ್ಕೆ ಆಗಿನ್ನೂ ಹೊಸದು. ಮೊದಲು ದೈತ್ಯ ಸಬೋನಿಸ್ ಎಸೆದರು, ಬಿತ್ತು. ಆಮೇಲೆ ಟಿಖೊನೆಂಕೊ ಎಸೆದರು, ಅದೂ ಬಿತ್ತು. ಇನ್ನು ಉಳಿದದ್ದು ಮೂರೇ ಅಂಕದ ಅಂತರ, ಆದರೆ ಚೆಂಡು ಯುಗೊಸ್ಲಾವಿಯದ ಬಳಿ. ಅದನ್ನು ಸುಮ್ಮನೆ ಹಿಡಿದಿಟ್ಟುಕೊಂಡಿದ್ದರೆ ಸಾಕಿತ್ತು. ಹದಿನೆಂಟು ವರ್ಷದ ದಿವಾಚ್ ಚೆಂಡು ಪುಟಿಸುವಾಗ ನಿಯಮ ತಪ್ಪಿದರು, ಚೆಂಡು ಕೈಬಿಟ್ಟಿತು. ಆಗ ಅದು ಬಂದದ್ದು ವಾಲ್ಟರ್ಸ್ ಕೈಗೆ. ಅವರು ತಡಮಾಡಲಿಲ್ಲ, ಗೆರೆಯಾಚೆಯಿಂದಲೇ ಎಸೆದರು. 85–85! ಹೆಚ್ಚುವರಿ ಅವಧಿಯಲ್ಲಿ ಸೋವಿಯತ್ ತಂಡ 91–90ರಿಂದ ಗೆದ್ದಿತು. ಫೈನಲ್‌ನಲ್ಲಿ ಅಮೆರಿಕಕ್ಕೆ ಎರಡು ಅಂಕಗಳಿಂದ ಸೋತಿತು ನಿಜ, ಆದರೆ ಆ ಫೈನಲ್ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳುವುದೆಲ್ಲ ಆ ಮೂರನೆಯ ಎಸೆತದ ಬಗ್ಗೆಯೇ.

ಈ ಕಥೆ ಹೇಳುತ್ತ ಸಮಯ ಮೀರಿತು. ಎದುರಿನ ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ವಾಲ್ಟರ್ಸ್ ತರಬೇತುದಾರರಾಗಿ ಮಾಡಿದ ಕೆಲಸವನ್ನು ಒಂದು ಮಾತಿನಲ್ಲಿ ಮುಗಿಸಬೇಕಾಗಿದೆ: ಆಟ ಬಿಟ್ಟ ಮೇಲೂ ಅವರು ಅಂಗಣ ಬಿಡಲಿಲ್ಲ. ಮಕ್ಕಳಾದ ಕ್ರಿಸ್ಟಾಪ್ಸ್ ಮತ್ತು ಸಾಂಡಿಸ್ ಕೂಡ ಆಟಗಾರರಾದರು. ಕ್ರಿಸ್ಟಾಪ್ಸ್ ತೊಟ್ಟದ್ದು ತಂದೆಗೆ ತಮ್ಮ ಉತ್ತುಂಗದ ದಿನಗಳಲ್ಲಿ ಸಿಗದಿದ್ದ ಅಂಗಿ, ಸ್ವತಂತ್ರ ಲಾಟ್ವಿಯಾದ್ದು. ನಮಸ್ಕಾರ.