ಹರಿಯುವ ರಕ್ತದಲ್ಲಿ ಬಿಳಿ ಕಣ ನಿಲ್ಲುವ ಬಗೆ

ಕೇಳುಗರಿಗೆ ನಮಸ್ಕಾರ.

ಹಾವೇರಿ ಕಡೆಯ ಮೆಣಸಿನಕಾಯಿ ಹೊಲದಲ್ಲಿ ದುಡಿಯುವವರ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದುಕೊಂಡರೆ, ಆ ಜಾಗ ಕೆಂಪೇರಿ, ಬಿಸಿಯಾಗಿ, ಬಾತುಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಕೀವೂ ಕಾಣಿಸಿಕೊಳ್ಳಬಹುದು. ಆ ಕೀವಿನಲ್ಲಿರುವುದು ಬಹುಪಾಲು ರಕ್ತನಾಳದಿಂದ ಹೊರಬಂದು ಹೋರಾಡಿ ಸತ್ತ ಬಿಳಿ ರಕ್ತಕಣಗಳು. ರಭಸದಿಂದ ಹರಿಯುವ ರಕ್ತದೊಡನೆ ಸಾಗುತ್ತಿದ್ದ ಈ ಕಣಗಳು ಸರಿಯಾಗಿ ಆ ಮುಳ್ಳಿನ ಬಳಿಯೇ ನಿಂತದ್ದು ಹೇಗೆ ಎಂಬುದು ಇಂದಿನ ವಿಷಯ.

ನಿಲ್ಲುವ ಕೆಲಸ ನಡೆಯುವುದು ಹೆಚ್ಚಾಗಿ ಲೋಮನಾಳಗಳನ್ನು ದಾಟಿದೊಡನೆ ಸಿಗುವ ಕಿರು ಅಭಿಧಮನಿಗಳಲ್ಲಿ. ಅಲ್ಲಿನ ಒಳಗೋಡೆಯ ಜೀವಕೋಶಗಳು ಪಿ-ಸೆಲೆಕ್ಟಿನ್ ಎಂಬ ಪ್ರೋಟೀನನ್ನು ಮೊದಲೇ ತಯಾರಿಸಿ ಒಳಗೆ ಕೂಡಿಟ್ಟುಕೊಂಡಿರುತ್ತವೆ. ಗಾಯಗೊಂಡ ಭಾಗದಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಬಂದು ತಾಗಿದ ಕೆಲವೇ ನಿಮಿಷಗಳಲ್ಲಿ ಅದು ಗೋಡೆಯ ಮೇಲ್ಮೈಗೆ ಬರುತ್ತದೆ; ಅದರ ಬಳಗದ ಇ-ಸೆಲೆಕ್ಟಿನ್ ಹೊಸದಾಗಿಯೇ ತಯಾರಾಗಬೇಕಾದ್ದರಿಂದ ಕೆಲವು ಗಂಟೆ ತಡವಾಗುತ್ತದೆ. ಬಿಳಿ ಕಣದ ಮೈಮೇಲಿನ ಸಕ್ಕರೆಯ ಸರಪಳಿಗಳನ್ನು ಈ ಸೆಲೆಕ್ಟಿನ್‌ಗಳು ಹಿಡಿಯುತ್ತವೆ. ಆದರೆ ಹಿಡಿತ ಸಡಿಲ. ಒಂದು ಕಳಚುವಷ್ಟರಲ್ಲಿ ಮುಂದಿನದು ಕೂಡುತ್ತದೆ, ಹೀಗಾಗಿ ಕಣ ಗೋಡೆಗುಂಟ ನಿಧಾನವಾಗಿ ಉರುಳುತ್ತದೆ. ಈ ಉರುಳುವಿಕೆಯೇ ನನಗೆ ಇಡೀ ಕ್ರಿಯೆಯ ಜಾಣತನವೆನಿಸುತ್ತದೆ, ಏಕೆಂದರೆ ವೇಗ ತಗ್ಗಿದ್ದರಿಂದಲೇ ಗೋಡೆಗೆ ಅಂಟಿರುವ ಕೀಮೊಕೈನ್ ಎಂಬ ರಾಸಾಯನಿಕ ಸಂದೇಶವನ್ನು ಗ್ರಹಿಸಲು ಕಣಕ್ಕೆ ಅವಕಾಶ ಸಿಗುತ್ತದೆ. ಸಂದೇಶ ಸಿಗದಿದ್ದರೆ ಅದು ಕಳಚಿಕೊಂಡು ಮತ್ತೆ ಪ್ರವಾಹ ಸೇರುತ್ತದೆ.

ಸಂದೇಶ ಸಿಕ್ಕಿತೆನ್ನಿ, ಕಣದ ಮೇಲೆ ಮಡಚಿಕೊಂಡಿದ್ದ ಇಂಟೆಗ್ರಿನ್ ಎಂಬ ಹಿಡಿಯುವ ಪ್ರೋಟೀನುಗಳು ನೆಟ್ಟಗಾಗಿ, ಧೋತರದ ಅಂಚಿಗೆ ಉತ್ತರಾಣಿ ಕಾಳು ಹತ್ತಿಕೊಂಡಂತೆ ಗೋಡೆಯ ಐಕ್ಯಾಮ್-೧ ಎಂಬ ಪ್ರೋಟೀನನ್ನು ಬಲವಾಗಿ ಹಿಡಿಯುತ್ತವೆ. ಆಮೇಲೆ ಕಣ ಚಪ್ಪಟೆಯಾಗಿ, ಸಾಮಾನ್ಯವಾಗಿ ಎರಡು ಜೀವಕೋಶಗಳ ಸಂದಿಯಿಂದ ನುಸುಳಿ ಹೊರಬೀಳುತ್ತದೆ. ಜರ್ಮನಿಯ ಜೂಲಿಯಸ್ ಕೋನ್‌ಹೈಮ್ 1867ರಲ್ಲಿ, ಕಪ್ಪೆಯ ಕರುಳನ್ನು ಹಿಡಿದಿರುವ ತೆಳುಪೊರೆಯಲ್ಲಿ ಬಿಳಿ ಕಣಗಳು ಹೀಗೆ ನಾಳದಿಂದ ಹೊರಬರುವುದನ್ನು ಸೂಕ್ಷ್ಮದರ್ಶಕದಡಿ ಕಂಡು ವಿವರಿಸಿದ್ದರು.

ಈ ಹಿಡಿತವೇ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಇಂಟೆಗ್ರಿನ್‌ನ ಸಿಡಿ-18 ಎಂಬ ಭಾಗದ ವಂಶವಾಹಿ ಕೆಟ್ಟಿದ್ದರೆ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಉದುರುವ ಹೊಕ್ಕಳಬಳ್ಳಿ ಮೂರು ನಾಲ್ಕು ವಾರ ಕಳೆದರೂ ಉದುರದೆ ಇರಬಹುದು. ಹೊಕ್ಕಳ ಸುತ್ತ ಸೋಂಕಾದರೂ ಕೀವಾಗುವುದಿಲ್ಲ. ಕೀವಿಲ್ಲವೆಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದು ಸಹಜವಾದರೂ, ಅಪಾಯವಿರುವುದು ಅಲ್ಲಿಯೇ. ರಕ್ತ ಪರೀಕ್ಷಿಸಿದರೆ ಬಿಳಿ ಕಣಗಳ ಎಣಿಕೆ ಬಹಳ ಹೆಚ್ಚಾಗಿರುತ್ತದೆ, ಏಕೆಂದರೆ ಅವು ನಾಳ ಬಿಟ್ಟು ಹೊರಹೋಗಲಾರವು. ತಂದೆತಾಯಿ ಇಬ್ಬರೂ ತಮಗೆ ರೋಗವಿಲ್ಲದೆಯೇ ಈ ದೋಷವನ್ನು ಹೊತ್ತ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹತ್ತಿರದ ನೆಂಟರಿಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚಾದ್ದರಿಂದ, ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಇದನ್ನು ಅರಿತಿರುವುದು ಅಗತ್ಯ. ಬಳ್ಳಿ ತಡವಾಗಿ ಉದುರಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ; ಆದರೆ ತಡದ ಜೊತೆಗೆ ಪದೇ ಪದೇ ಸೋಂಕೂ ಇದ್ದರೆ ಮಕ್ಕಳ ತಜ್ಞರ ಬಳಿ ಸಿಡಿ-18ರ ಪರೀಕ್ಷೆಯ ಬಗ್ಗೆ ಕೇಳಿರಿ. ತೀವ್ರವಾದ ದೋಷವಿದ್ದರೂ ಅಸ್ಥಿಮಜ್ಜೆಯ ಕಸಿಯಿಂದ, ಗೋಡೆಯನ್ನು ಹಿಡಿಯಬಲ್ಲ ಬಿಳಿ ಕಣಗಳನ್ನು ಮಗುವಿಗೆ ಒದಗಿಸಲು ಸಾಧ್ಯವಿದೆ.