ಕೂಲಂಟ್ ಸೋರಿ ಹೋದ ಎಂಜಿನ್: ರಿಪೇರಿಯೋ, ಬೇರೆ ಎಂಜಿನ್ನೋ?

[ದೃಶ್ಯ: ಘಾಟಿ ರಸ್ತೆ, ಬಾನೆಟ್ ಎತ್ತಿ ನಿಂತ ಹಳೆಯ ಕಾರು]

ನಮಸ್ಕಾರ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಲೈಟ್ ಕೆಂಪಗಾಗುತ್ತದೆ. ಇನ್ನೇನು ಸಕಲೇಶಪುರ ಬಂತಲ್ಲ ಅಂತ ಹಾಗೇ ಓಡಿಸುತ್ತಾರೆ. ಊರು ಸಿಗುವ ಮೊದಲೇ ಎಂಜಿನ್ ನಿಲ್ಲುತ್ತದೆ. ಟೋ ಮಾಡಿಸಿಕೊಂಡು ಗ್ಯಾರೇಜಿಗೆ ಹೋದರೆ ಎರಡರಲ್ಲಿ ಒಂದು ಮಾತು ಕೇಳಿಬರುತ್ತದೆ. "ಎಂಜಿನ್ ಹೋಗಿದೆ ಸಾರ್, ಬೇರೆ ಕೂರಿಸೋಣ." ಇಲ್ಲದಿದ್ದರೆ, "ಬರೀ ಗ್ಯಾಸ್ಕೆಟ್ ಸಾರ್, ನಾಳೆ ಸಂಜೆಗೆ ರೆಡಿ."

ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ, ಬಿಚ್ಚಿ ಅಳತೆ ತೆಗೆಯುವ ತನಕ ಈ ಎರಡೂ ಮಾತಿಗೆ ಒಪ್ಪಬೇಡಿ. ಅಳತೆ ಅಂದರೆ ಏನು, ಏನನ್ನು ಕೇಳಬೇಕು ಅನ್ನುವುದೇ ಈ ವಿಡಿಯೋ.

ಉದಾಹರಣೆಗೆ 2010ರ ಆಸುಪಾಸಿನ ಒಂದು ಸ್ವಿಫ್ಟ್ ಡೀಸೆಲ್ ಇಟ್ಟುಕೊಳ್ಳೋಣ. ಫಿಯೆಟ್ ರೂಪಿಸಿದ 1248 ಸಿಸಿ ಎಂಜಿನ್. ಡಿಸೈರ್, ರಿಟ್ಜ್, ಪುಂಟೊ, ಇಂಡಿಕಾ ವಿಸ್ಟಾ, ಎಲ್ಲದರ 1.3 ಲೀಟರ್ ಡೀಸೆಲ್ ಮಾದರಿಯಲ್ಲೂ ಇದೇ ಮನೆತನದ ಎಂಜಿನ್ ಇದೆ. ಹಾಗಾಗಿ ಸಾಮಾನು ಸಿಗುವುದು ಕಷ್ಟವಿಲ್ಲ.

[ದೃಶ್ಯ: ಬಿಚ್ಚಿಟ್ಟ ಹೆಡ್ ಮತ್ತು ಬ್ಲಾಕ್, ಪಕ್ಕಪಕ್ಕದಲ್ಲಿ]

ಕೆಳಗಿನ ಬ್ಲಾಕ್ ಎರಕದ ಕಬ್ಬಿಣ. ಮೇಲಿನ ಹೆಡ್ ಅಲ್ಯೂಮಿನಿಯಂ. ಎರಡರ ನಡುವೆ ತೆಳುವಾದ ಗ್ಯಾಸ್ಕೆಟ್. ಒಂದು ಕಡೆ ಸುಡುವ ಗ್ಯಾಸ್, ಒಂದು ಕಡೆ ಆಯಿಲ್, ಇನ್ನೊಂದು ಕಡೆ ಎಂಜಿನ್ ತಂಪಾಗಿಡುವ ಕೂಲಂಟ್. ಮೂರೂ ಒಂದಕ್ಕೊಂದು ಸೇರದಂತೆ ತಡೆಯುವುದು ಈ ಗ್ಯಾಸ್ಕೆಟ್ಟೇ. ಅಲ್ಯೂಮಿನಿಯಂ ಬಿಸಿಯಾದಾಗ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಕೂಲಂಟ್ ಇದ್ದಾಗ ಈ ವ್ಯತ್ಯಾಸ ಹತೋಟಿಯಲ್ಲಿರುತ್ತದೆ. ಕೂಲಂಟ್ ಖಾಲಿಯಾದರೆ ಹೆಡ್ ಹಿಗ್ಗಲು ನೋಡುತ್ತದೆ, ಬೋಲ್ಟ್‌ಗಳು ಬಿಡುವುದಿಲ್ಲ. ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ.

ಇಲ್ಲೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಟೆಂಪರೇಚರ್ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ಪೈಪ್ ಒಡೆದು ಕೂಲಂಟ್ ಪೂರ್ತಿ ಹರಿದು ಹೋದರೆ ಸೆನ್ಸರ್ ಸುತ್ತ ಬರೀ ಗಾಳಿ, ಆವಿ. ಆಗ ಸೂಜಿ ಕೆಳಗೇ ಇರಬಹುದು, ಎಂಜಿನ್ ಮಾತ್ರ ಒಳಗೆ ಬೇಯುತ್ತಿರುತ್ತದೆ. ಹೀಟರ್ ಹಾಕಿದಾಗ ಏಕಾಏಕಿ ತಣ್ಣನೆ ಗಾಳಿ ಬಂದರೆ, ಪಿಕಪ್ ಬಿದ್ದುಹೋದರೆ, ಸೂಜಿ ಏನೇ ಹೇಳಲಿ, ಗಾಡಿ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಮುಖಕ್ಕೆ ಚಿಮ್ಮುತ್ತದೆ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುವ ಸಾಧ್ಯತೆ ಉಂಟು.

ಸರಿ, ಗಾಡಿ ಗ್ಯಾರೇಜಿಗೆ ಬಂತು. ಬಿಚ್ಚುವ ಮೊದಲು ಏನು ನೋಡಬೇಕು?

ಆಯಿಲ್ ಮುಚ್ಚಳ ತೆಗೆಯಿರಿ. ಒಳಗೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಲೋಳೆ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಆದರೆ ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಇದ್ದು, ಡಿಪ್‌ಸ್ಟಿಕ್ಕಿನ ಆಯಿಲ್ ಚೆನ್ನಾಗಿದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ತೇವಾಂಶದಿಂದಲೂ ಹೀಗಾಗುತ್ತದೆ.

ಕೂಲಂಟ್ ಡಬ್ಬಿಯಲ್ಲಿ ಆಯಿಲ್ ತೇಲುತ್ತಿದೆಯಾ? ಹಾಗಿದ್ದರೆ ಮೊದಲು ಆಯಿಲ್ ಕೂಲರ್ ಚೆಕ್ ಮಾಡಿಸಿ. ಈ ಎಂಜಿನ್ನಿನಲ್ಲಿ ಆಯಿಲ್ ಫಿಲ್ಟರ್ ಹತ್ತಿರ ಒಂದು ಕೂಲರ್ ಇದೆ. ಅದರೊಳಗೆ ಆಯಿಲ್ ಮತ್ತು ಕೂಲಂಟ್ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಎಂಜಿನ್ ಓಡುವಾಗ ಕೂಲಂಟ್‌ಗಿಂತ ಆಯಿಲ್ ಒತ್ತಡ ಜಾಸ್ತಿ. ಕೂಲರ್ ಒಳಗೆ ತೂತಾದರೆ ಆಯಿಲ್ ಕೂಲಂಟ್ ಕಡೆ ನುಗ್ಗುತ್ತದೆ. ಹೆಡ್ ಮುಟ್ಟದೇ ಮುಗಿಯುವ ಕೆಲಸ ಇದು. ಇದನ್ನು ನೋಡದೇ "ಎಂಜಿನ್ ಹೋಯ್ತು" ಅಂದರೆ ನಿಜಕ್ಕೂ ಅನ್ಯಾಯ.

ಮೂರನೆಯದು, ಎಂಜಿನ್ ಓಡುವಾಗ ಡಬ್ಬಿಯಲ್ಲಿ ಗುಳ್ಳೆ ಬರುತ್ತಲೇ ಇದೆಯಾ? ಸುಡುವ ಗ್ಯಾಸ್ ಕೂಲಂಟಿಗೆ ಸೇರುತ್ತಿದೆಯೋ ಇಲ್ಲವೋ ಅಂತ ನೋಡಲು ನೀಲಿ ದ್ರಾವಣದ ಒಂದು ಟೆಸ್ಟರ್ ಇದೆ. ಬಣ್ಣ ಬದಲಾದರೆ ಗ್ಯಾಸ್ ಸೇರುತ್ತಿದೆ ಅಂತ ಅರ್ಥ. ಜೊತೆಗೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಲೆಕ್ಕ ಬರೆಸಿಕೊಳ್ಳಿ. ಅಕ್ಕಪಕ್ಕದ ಎರಡರಲ್ಲಿ ಕಡಿಮೆ ಬಂದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ.

[ದೃಶ್ಯ: ಹೆಡ್ ಮೇಲೆ ಸ್ಟೀಲ್ ಪಟ್ಟಿ, ಅಡಿಯಲ್ಲಿ ಫೀಲರ್ ಗೇಜ್. ತೀರಾ ಹತ್ತಿರದಿಂದ]

ಈಗ ಹೆಡ್ ಬಿಚ್ಚಿದ್ದಾರೆ. ಮೈ ಪೂರ್ತಿ ಒರೆಸಿ, ನೇರವಾದ ಸ್ಟೀಲ್ ಪಟ್ಟಿ ಇಡುತ್ತಾರೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಅಡಿಯಲ್ಲಿ ಫೀಲರ್ ಗೇಜಿನ ಎಲೆ ತೂರಿಸಿ ನೋಡುತ್ತಾರೆ. ಈ ಎಲೆ ನೋಡಿ, 0.05 ಮಿಲಿಮೀಟರ್. ಎ4 ಹಾಳೆ ಇದರ ಎರಡರಷ್ಟು ದಪ್ಪ. ಈ 0.05ರ ಎಲೆಗಿಂತ ದಪ್ಪದ ಎಲೆ ಸಲೀಸಾಗಿ ಒಳಗೆ ಹೋದರೆ ಬಹುತೇಕ ಎಂಜಿನ್‌ಗಳಲ್ಲಿ ಹೆಡ್ ಬೆಂಡ್ ಆಗಿದೆ ಅಂತಲೇ ಲೆಕ್ಕ. ನಿಮ್ಮ ಎಂಜಿನ್ನಿನ ಖಚಿತ ಮಿತಿ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ನೀವು ಎದುರಿಗೆ ನಿಂತು ಇದನ್ನು ನೋಡಿ. ನೋಡಲು ಬಿಡದ ಗ್ಯಾರೇಜ್ ನಿಮಗೆ ಬೇಡ.

ಸ್ವಲ್ಪ ಬಾಗಿದ್ದರೆ ಲೇತ್‌ನವರ ಹತ್ತಿರ ಫೇಸಿಂಗ್, ಅಂದರೆ ಮೈ ಉಜ್ಜಿ ಸಮ ಮಾಡಿಸಬಹುದು. ಆದರೆ ಡೀಸೆಲ್ಲಿನಲ್ಲಿ ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಜಾಗ ತೀರಾ ಕಡಿಮೆ. ಜಾಸ್ತಿ ಉಜ್ಜಿದರೆ ವಾಲ್ವ್ ಪಿಸ್ಟನ್ನಿಗೆ ತಾಗುವ ಅಪಾಯ. ಕೆಲವು ಕಂಪನಿಗಳು ಹೆಡ್ ಫೇಸಿಂಗಿಗೆ ಒಪ್ಪುವುದೇ ಇಲ್ಲ. ಫೇಸಿಂಗಿಗೆ ಮುಂಚೆ ಹೆಡ್ಡಿಗೆ ಪ್ರೆಷರ್ ಟೆಸ್ಟ್ ಆಗಲೇಬೇಕು. ವಾಲ್ವ್‌ಗಳ ನಡುವೆ ಕೂದಲೆಳೆಯಷ್ಟು ಬಿರುಕಿದ್ದರೂ ಹೊಸ ಗ್ಯಾಸ್ಕೆಟ್ ವೇಸ್ಟ್. ಮತ್ತೆ, ಹೆಡ್ ಬೋಲ್ಟ್ ಹೊಸದೇ ಹಾಕಿಸಿ. ಬಿಗಿ ಮಾಡುವಾಗ ಹಿಗ್ಗುವಂತೆ ಮಾಡಿದ ಬೋಲ್ಟ್‌ಗಳು ಅವು, ಎರಡನೇ ಸಲಕ್ಕೆ ಅದೇ ಹಿಡಿತ ಕೊಡುವುದಿಲ್ಲ.

ಇಷ್ಟಕ್ಕೇ ಮುಗಿದರೆ ನಿಮ್ಮ ಅದೃಷ್ಟ. ನಿರ್ಧಾರ ನಿಜವಾಗಿ ನಿಂತಿರುವುದು ಕೆಳಗಿನ ಅರ್ಧದ ಮೇಲೆ.

ಆಯಿಲ್‌ಗೆ ಕೂಲಂಟ್ ಸೇರಿದ ಮೇಲೂ ಗಾಡಿ ಓಡಿದ್ದರೆ ಸಂಪ್, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಬಿಚ್ಚಿಸಿ. ಕನೆಕ್ಟಿಂಗ್ ರಾಡಿನ ಬೇರಿಂಗ್ ಒಂದೆರಡು ತೆಗೆಸಿ ಕೈಯಲ್ಲಿ ಹಿಡಿದು ನೋಡಿ. ಒಂದೇ ಸಮನೆ ಬೂದು ಬಣ್ಣ ಇದ್ದರೆ ಒಳ್ಳೆಯದು. ಉಗುರಿಗೆ ಸಿಗುವ ಗೀರು, ತಾಮ್ರದ ಬಣ್ಣ ಕಂಡರೆ ಆಯಿಲ್ ಪದರ ಹರಿದು ಬೇರಿಂಗ್ ತಿಂದುಹೋಗಿದೆ. ಸಿಲಿಂಡರ್ ಗೋಡೆಯಲ್ಲಿ ಉದ್ದುದ್ದ ಗೀರಿದ್ದರೆ ಪಿಸ್ಟನ್ ಹಿಡಿದುಕೊಂಡಿತ್ತು ಅಂತ ಅರ್ಥ. ಟರ್ಬೋಗೂ ಇದೇ ಆಯಿಲ್ ಹೋಗುವುದು. ಅದರ ಶಾಫ್ಟ್ ಅಲ್ಲಾಡುತ್ತಿದೆಯಾ ಅಂತಲೂ ನೋಡಿ.

ಬೇರಿಂಗ್ ಮತ್ತು ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಚೆನ್ನಾಗಿದ್ದರೆ ನನ್ನ ಮಾತು ಸ್ಪಷ್ಟ: ಹೆಡ್ ಕೆಲಸ ಮಾಡಿಸಿ, ನಿಮ್ಮ ಎಂಜಿನ್ ಉಳಿಸಿಕೊಳ್ಳಿ. ಅದರ ಇತಿಹಾಸ ನಿಮಗೆ ಗೊತ್ತು. ಗುಜರಿಯಿಂದ ಬರುವ ಎಂಜಿನ್ನಿನದು ಯಾರಿಗೂ ಗೊತ್ತಿಲ್ಲ.

ಬೋರ್ ಹೋಗಿದ್ದರೆ ಎರಡು ದಾರಿ. ಬ್ಲಾಕ್ ಬೋರ್ ಮಾಡಿಸಿ ಪಿಸ್ಟನ್, ರಿಂಗ್, ಬೇರಿಂಗ್ ಹೊಸದು ಹಾಕುವುದು. ಇಲ್ಲವೇ ಸೆಕೆಂಡ್ ಹ್ಯಾಂಡ್ ಎಂಜಿನ್ ತರುವುದು. ಕೈಪಳಗಿದ ಮೆಕ್ಯಾನಿಕ್ ಮತ್ತು ಒಳ್ಳೆ ಲೇತ್ ಸಿಕ್ಕರೆ ಮೊದಲನೆಯದು. ಬ್ಲಾಕೇ ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕ್ ಕೆಟ್ಟಿದ್ದರೆ ಎರಡನೆಯದೇ ಸರಿ.

ಸೆಕೆಂಡ್ ಹ್ಯಾಂಡ್ ತರುವವರು ಎಂಜಿನ್ ನಂಬರ್ ಇರುವ ಬಿಲ್ ತಗೊಳ್ಳಿ. ಯಾವ ಕಾರಿನಿಂದ ಬಿಚ್ಚಿದ್ದು ಅನ್ನುವ ದಾಖಲೆಯೂ ಬೇಕು. ನಂಬರ್ ಉಜ್ಜಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ, ಕದ್ದ ಮಾಲು ಇರಬಹುದು. ಕೂರಿಸುವ ಮೊದಲೇ ಟೈಮಿಂಗ್ ಚೈನ್, ವಾಟರ್ ಪಂಪ್, ಸೀಲುಗಳನ್ನು ಬದಲಿಸಿ. ಎಂಜಿನ್ ನೆಲದ ಮೇಲಿರುವಾಗ ಸುಲಭ, ಒಳಗೆ ಹೋದ ಮೇಲೆ ಡಬಲ್ ಲೇಬರ್. ಆಮೇಲೆ ಆರ್‌ಟಿಒ. ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಹಾಕಿಸಬೇಕು. ಇನ್ಶೂರೆನ್ಸ್‌ನಲ್ಲೂ ಬದಲಿಸಿ. ಇದನ್ನು ಬಿಟ್ಟರೆ ಕ್ಲೇಮ್ ಸಮಯದಲ್ಲಿ, ಮಾರುವ ಸಮಯದಲ್ಲಿ ಒದ್ದಾಡುವುದು ನೀವೇ.

ಖರ್ಚಿನ ಲೆಕ್ಕ ಹೀಗೆ ಹಾಕಿ. ಕಾರಿನ ಬೆಲೆ ಒಂದೂವರೆ ಲಕ್ಷ, ರಿಪೇರಿ ಎಂಬತ್ತು ಸಾವಿರ ಅಂದುಕೊಳ್ಳಿ. ಕಾರಿನ ಬಾಡಿ ತುಕ್ಕು ಹಿಡಿದಿಲ್ಲ, ಗೇರ್‌ಬಾಕ್ಸ್ ಚೆನ್ನಾಗಿದೆ ಅಂದರೆ ಮಾಡಿಸಬಹುದು. ಆದರೆ 15 ವರ್ಷ ಆಗಿದ್ದರೆ ಮೊದಲು ಆರ್‌ಸಿ ನವೀಕರಣದ ತಪಾಸಣೆಗೆ ಗಾಡಿ ಪಾಸಾಗುತ್ತದಾ ಅಂತ ನೋಡಿ. ಪಾಸಾದರೆ 5 ವರ್ಷ ಸಿಗುತ್ತದೆ. ಪಾಸಾಗದ ಗಾಡಿಗೆ ಎಂಜಿನ್ ಕೆಲಸ ಮಾಡಿಸುವುದು ಸುಮ್ನೆ ದುಡ್ಡು ಸುಟ್ಟಹಾಗೆ. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಸೇರುವುದಿಲ್ಲ, ಅದರ ಆಸೆ ಇಟ್ಟುಕೊಳ್ಳಬೇಡಿ.

[ದೃಶ್ಯ: ಹಳೆಯ ಥರ್ಮೋಸ್ಟಾಟ್, ತುಕ್ಕು ಹಿಡಿದ ವಾಟರ್ ಪಂಪ್, ಬಿರಿದ ಪೈಪ್]

ಯಾವ ದಾರಿ ಹಿಡಿದರೂ ಕೂಲಂಟ್ ಮೊದಲು ಹೋಗಿದ್ದು ಯಾಕೆ ಅನ್ನುವುದು ಸಿಗಲೇಬೇಕು. ಪೈಪ್, ಮುಚ್ಚಳ, ಥರ್ಮೋಸ್ಟಾಟ್, ಪಂಪ್, ಫ್ಯಾನ್ ರಿಲೇ, ಎಲ್ಲ ನೋಡಿಸಿ. ಬೋರ್‌ವೆಲ್ ನೀರು ಸುರಿದು ಓಡಿಸಿದ ಗಾಡಿಯ ರೇಡಿಯೇಟರ್ ಒಳಗೆ ಬಿಳಿ ಪೊರೆ ಕಟ್ಟಿರುತ್ತದೆ, ಬ್ಲಾಕ್ ಒಳಗೆ ತುಕ್ಕು. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿಸಿ. ಹೊರಗೆ ಸುರಿದ ಹಳೆಯ ಕೂಲಂಟನ್ನು ಹಾಗೇ ಬಿಡಬೇಡಿ. ರುಚಿ ಸಿಹಿ, ಆದರೆ ವಿಷ. ಬೀದಿ ನಾಯಿಗಳು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅಪಾಯ.

ಕೆಲಸ ಮುಗಿದ ಮೇಲೆ ಮೊದಲ ವಾರ ದಿನಾ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಡಬ್ಬಿಯ ಮಟ್ಟ ನೋಡಿ. ಒಳಗಿದ್ದ ಗಾಳಿ ಹೊರಬಂದು ಮೊದಲ ಒಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ. ಅದಾದ ಮೇಲೂ ಇಳಿಯುತ್ತಲೇ ಇದ್ದರೆ ಅವತ್ತೇ ಗ್ಯಾರೇಜಿಗೆ ವಾಪಸ್ ಹೋಗಿ.